ನಡು ಕಣಿವೆಯಲ್ಲಿ ದೇವೀರಮ್ಮ

ನಮ್ಮೂರಿನ ಅರ್ಧ ಈಚೆಗುಡ್ಡದ ಮೇಲಿದೆ, ಇನ್ನರ್ಧ ಆಚೆಗುಡ್ಡದ ಮೇಲಿದೆ. ಮನೆಗಳೆಲ್ಲ ಹೆಚ್ಚಾಗಿ ಈಚೆ. ಶಾಲೆ, ಆಸ್ಪತ್ರೆ, ಮಾರುಕಟ್ಟೆ, ಕಚೇರಿಗಳೆಲ್ಲ ಆಚೆ. ಹೀಗೆ ಯಾರು ಕಟ್ಟಿದರೋ, ಯಾಕೆ ಕಟ್ಟಿದರೋ, ಹಿರಿಯರನ್ನು ಕೇಳಿದರೆ ಅವರೂ ನಗುತ್ತಾರೆ. ನಡುವಿನ ಕಣಿವೆ ದಾಟಲು ಎರಡೇ ದಾರಿ. ಸಾವಿರದ ನೂರು ಮೆಟ್ಟಿಲು ಇಳಿದು, ಹಳ್ಳ ದಾಟಿ, ಮತ್ತೆ ಅಷ್ಟೇ ಮೆಟ್ಟಿಲು ಹತ್ತುವುದು ಒಂದು. ಇನ್ನೊಂದು, ತೊಟ್ಟಿಲು. ಉಕ್ಕಿನ ಹಗ್ಗಕ್ಕೆ ತೂಗುಬಿದ್ದು ಆಕಡೆ ಈಕಡೆ ಓಡಾಡುವ, ಇಪ್ಪತ್ತು ಜನ ಕೂರುವ ಕಬ್ಬಿಣದ ಪೆಟ್ಟಿಗೆ ಅದು. ಕಾಗದಪತ್ರಗಳಲ್ಲಿ ಬೇರೇನೋ ಹೆಸರಿದೆ, ಊರಿನ ಬಾಯಲ್ಲಿ ಅದು ತೊಟ್ಟಿಲೇ. ನಾನು, ಗವಿರಂಗಯ್ಯ, ಇಪ್ಪತ್ತೆರಡು ವರ್ಷ ಅದರೊಳಗೆ ಬ್ರೇಕು ಹಿಡಿದು ನಿಂತವನು.

ನಮ್ಮ ತೊಟ್ಟಿಲಿನ ಸ್ವಭಾವವೇ ಹಾಗೆ. ಒಳಗೆ ಕೂತವರಲ್ಲಿ ಯಾರಾದರೂ ನೋವನ್ನು ನುಂಗಿಕೊಂಡು ಕೂತಿದ್ದರೆ, ಸರಿಯಾಗಿ ಕಣಿವೆಯ ನಡುಮಧ್ಯಕ್ಕೆ ಹೋಗಿ ನಿಂತುಬಿಡುತ್ತದೆ. ಗೊಳೋ ಎಂದು ಅಳುವ ಮಗುವಿಗೆ ನಿಲ್ಲುವುದಿಲ್ಲ. ಬಾಯಿಬಿಟ್ಟು ಜಗಳವಾಡುವ ಗಂಡಹೆಂಡಿರಿಗೂ ನಿಲ್ಲುವುದಿಲ್ಲ. ಹೇಳಿಕೊಳ್ಳದ ನೋವಿಗೆ ಮಾತ್ರ ನಿಲ್ಲುತ್ತದೆ. ಎಂಜಿನ್ನು ದಡದಲ್ಲಿ ಗುರುಗುಡುತ್ತಲೇ ಇರುತ್ತದೆ, ತೊಟ್ಟಿಲು ಕದಲುವುದಿಲ್ಲ. ನೊಂದವರು ಬಾಯಿಬಿಟ್ಟ ಕೂಡಲೇ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ.

ಊರು ಇದಕ್ಕೆ ಹೊಂದಿಕೊಂಡಿತ್ತು. ತೊಟ್ಟಿಲಿನ ಬಾಗಿಲಲ್ಲಿ ಮುಖ ನೋಡಲೆಂದೇ ಒಂದು ಹುದ್ದೆ. ಟಿಕೆಟ್ ಹರಿಯುವ ಮೊದಲು ಮುಖ ನೋಡಬೇಕು; ಕಣ್ಣು ಕೆಂಪಾಗಿದ್ದರೆ, ಗಂಟಲು ಕಟ್ಟಿದ್ದರೆ, ಪಕ್ಕಕ್ಕೆ ಕರೆದು ಮೆಟ್ಟಿಲ ದಾರಿ ತೋರಿಸಬೇಕು. ಬಾಗಿಲ ಮೇಲೆ ‘ನೊಂದವರಿಗೆ ಪ್ರವೇಶವಿಲ್ಲ’ ಎಂಬ ಮರದ ಬೋರ್ಡು. ಸಾವಿನ ಮನೆಗೆ ಹೊರಟವರು, ಪರೀಕ್ಷೆಯಲ್ಲಿ ಫೇಲಾದವರು, ಕೆಲಸ ಕಳೆದುಕೊಂಡವರು ಎಲ್ಲರಿಗೂ ಮೆಟ್ಟಿಲೇ ಗತಿ. ಮದುವೆಯಾದರೆ ದಿಬ್ಬಣವೆಲ್ಲ ವಾಲಗದ ಸಮೇತ ತೊಟ್ಟಿಲಲ್ಲಿ ಹೋಗುತ್ತಿತ್ತು, ಮದುಮಗಳು ಮಾತ್ರ ಅಪ್ಪನ ಕೈಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ಮೆಟ್ಟಿಲ ಬುಡದಲ್ಲಿ ಸೋಡಾ ಅಂಗಡಿ ಇಟ್ಟವರಿಗೆ ಯಾವ ಕಾಲದಲ್ಲೂ ವ್ಯಾಪಾರ ಕಮ್ಮಿಯಿರಲಿಲ್ಲ. ಉಳಿದವರು ಮನೆಯ ಕನ್ನಡಿ ಮುಂದೆ ನಗು ಅಭ್ಯಾಸ ಮಾಡಿಕೊಂಡು ಬರುತ್ತಿದ್ದರು. ಮುಖ ನೋಡುವ ಚಿಕ್ಕವೀರಯ್ಯ ಅಂಥ ನಗುವನ್ನು ಹತ್ತು ಮಾರು ದೂರದಿಂದಲೇ ಹಿಡಿಯುತ್ತಿದ್ದ. ಹಾಗಾಗಿ ತೊಟ್ಟಿಲು ವರ್ಷಕ್ಕೆ ಒಂದೆರಡು ಸಲ ನಿಂತರೆ ಹೆಚ್ಚು. ನನಗೂ ಅದೇ ಬೇಕಿತ್ತು. ಜನರ ವಿಷಯ ನನಗೆ ತಿಳಿಯುವುದಿಲ್ಲ, ಬ್ರೇಕಿನ ವಿಷಯ ತಿಳಿಯುತ್ತದೆ.

ಚಿಕ್ಕವೀರಯ್ಯ ನಿವೃತ್ತನಾದ ಮೇಲೆ ಆ ಜಾಗಕ್ಕೆ ಬಂದವರು ದೇವೀರಮ್ಮ. ನಲವತ್ತೈದರ ಆಸುಪಾಸು, ಗಿಡ್ಡ ಆಳು, ಹೆಗಲಿಗೊಂದು ಉಬ್ಬಿದ ಬಟ್ಟೆಚೀಲ. ಆಚೆಗುಡ್ಡದ ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸುತ್ತಿದ್ದರಂತೆ. ಮೊದಲ ದಿನ ಬೆಳಿಗ್ಗೆ ಅವರು ಬಾಗಿಲಲ್ಲಿ ನಿಂತು ಎಲ್ಲರ ಮುಖ ನೋಡಿದರು, ಎಲ್ಲರ ಟಿಕೆಟ್ಟೂ ಹರಿದರು. ಒಬ್ಬರನ್ನೂ ವಾಪಸು ಕಳಿಸಲಿಲ್ಲ. ನಾನು ಅಂದುಕೊಂಡಂತೆಯೇ ಆಯಿತು. ಹದಿನೆಂಟು ಜನರನ್ನು ಹೊತ್ತ ತೊಟ್ಟಿಲು ನಡು ಕಣಿವೆಯಲ್ಲಿ ಕಚ್ಚಿಕೊಂಡು ನಿಂತಿತು.

"ಏನಮ್ಮ, ಮುಖ ನೋಡಿದ್ರೋ ಇಲ್ವೋ?" ಎಂದು ಸಿಡುಕಿದೆ.

"ನೋಡ್ದೆ ಅಣ್ಣ. ಆ ಮುಖಕ್ಕೆ ಅಷ್ಟೊಂದು ಮೆಟ್ಟಿಲು ಹತ್ಸೋಕೆ ಮನಸ್ಸಾಗ್ಲಿಲ್ಲ," ಎಂದರು.

ಆಮೇಲೆ ಅವರು ಯಾರಿಗೂ ‘ನೋವಿದ್ದವರು ಬೇಗ ಹೇಳಿ’ ಎಂದು ಗದರಲಿಲ್ಲ. ಸೀದಾ ಹೋಗಿ ಮೂಲೆಯಲ್ಲಿದ್ದ ಟೈಲರ್ ಫಕ್ರುದ್ದೀನ್ ಸಾಬರ ಪಕ್ಕ ಕೂತರು. ಚೀಲದಿಂದ ಒಂದು ಶುಂಠಿ ಪೆಪ್ಪರಮೆಂಟು ತೆಗೆದು ಅವರ ಕೈಗಿಟ್ಟರು. ಆ ಕೈಯನ್ನೇ ನೋಡುತ್ತಾ, "ಸಾಬ್ರೇ, ಬೆರಳ ತುದಿಯೆಲ್ಲ ಸೂಜಿ ಚುಚ್ಚಿದ ಗುರುತು. ಇಷ್ಟು ವರ್ಷದ ಕೈ, ಹೊಲಿಯುವಾಗ ಚುಚ್ಕೊಳ್ಳೋ ಕೈಯಲ್ಲ. ದಾರ ಪೋಣಿಸೋಕೆ ಕಷ್ಟ ಆಗ್ತಿದೆಯಾ?" ಎಂದು ಕೇಳಿದರು.

ಸಾಬರು ಬೆರಳುಗಳನ್ನು ಮಡಚಿಕೊಂಡರು. ಮೀಸೆ ನಡುಗಿತು. "ಸೂಜಿ ಕಣ್ಣೇ ಕಾಣ್ಸಲ್ಲ ತಾಯಿ," ಎಂದರು. "ಆರು ತಿಂಗ್ಳಾಯ್ತು. ಹೊಲಿಗೆ ಕೈಗೆ ಗೊತ್ತು, ತಡವ್ಕೊಂಡು ಹೊಲೀತೀನಿ. ದಾರ ಪೋಣಿಸೋಕೇ ಅರ್ಧ ದಿನ ಹೋಗುತ್ತೆ. ಗಿರಾಕಿಗಳಿಗೆ ತಿಳಿದ್ರೆ ಬರೋದು ಬಿಡ್ತಾರೆ ಅಂತ ಯಾರಿಗೂ ಹೇಳಿಲ್ಲ."

ಎದುರು ಬೆಂಚಿನಲ್ಲಿದ್ದ ಶಾಲೆಯ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಎದ್ದು, "ತಾತ, ದಿನಾ ಬೆಳಿಗ್ಗೆ ಇದೇ ತೊಟ್ಟಿಲಲ್ಲಿ ಬರ್ತೀವಿ. ಸೂಜಿ ದಾರ ತನ್ನಿ, ಆ ದಡ ಮುಟ್ಟೋದ್ರೊಳಗೆ ಇಪ್ಪತ್ತು ಪೋಣಿಸಿ ಕೊಡ್ತೀವಿ," ಎಂದಳು. ತೊಟ್ಟಿಲು ಆಗಲೇ ಹೊರಟಿತ್ತು. ಸಾಬರು ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದರು. ಅಂಗಡಿಯಲ್ಲಿ ಅಂಗಿ ಹೊಲಿಯಲು ಕೊಟ್ಟಿದ್ದವರೊಬ್ಬರು, "ನಮ್ಮಂಗಿ ಯಾಕೆ ತಡ ಅಂತ ಈಗ ಗೊತ್ತಾಯ್ತು ಬಿಡಿ," ಎಂದಾಗ ಇಡೀ ತೊಟ್ಟಿಲೇ ನಕ್ಕಿತು.

ಅಂದಿನಿಂದ ನಮ್ಮ ತೊಟ್ಟಿಲು ದಿನಕ್ಕೆ ನಾಲ್ಕೈದು ಸಲ ನಿಲ್ಲತೊಡಗಿತು. ದೇವೀರಮ್ಮ ಆ ಬೋರ್ಡನ್ನು ಕೆಳಗಿಳಿಸಿ, ಮಗುಚಿ, ನಾಲ್ಕು ಇಟ್ಟಿಗೆಯ ಮೇಲಿಟ್ಟು ಸರದಿಯಲ್ಲಿ ನಿಂತ ಮುದುಕಿಯರಿಗೆ ಕೂರಲು ಬೆಂಚು ಮಾಡಿದರು. ಆಸ್ಪತ್ರೆಗೆ ಹೊಸದಾಗಿ ಸೇರಿದ ನರ್ಸು ಎಸ್ತರ್, ಒಂದು ದಿನ ರೋಗಿಯ ನರ ಸಿಗದೆ ಮೂರು ಸಲ ಸೂಜಿ ಚುಚ್ಚಿದ್ದನ್ನು ನಡು ಕಣಿವೆಯಲ್ಲಿ ಹೇಳಿಕೊಂಡು ಅತ್ತಳು. ದೇವೀರಮ್ಮ ಅವಳ ಬೆನ್ನು ಸವರಿ ಸುಮ್ಮನಾಗಲಿಲ್ಲ. ಮಾರನೆಯ ದಿನ ಹಳೆಯ ಕಾಂಪೌಂಡರ್ ಒಬ್ಬರನ್ನು ಅದೇ ಹೊತ್ತಿಗೆ ಬರುವಂತೆ ಮಾಡಿ ಅವಳ ಪಕ್ಕ ಕೂರಿಸಿದರು. ಅವರಿಬ್ಬರೂ ಒಂದು ವಾರ ತೊಟ್ಟಿಲಲ್ಲಿದ್ದವರ ಕೈಯೆಲ್ಲ ಹಿಡಿದು ಹಿಡಿದು ನರ ಹುಡುಕಿದರು. ನನ್ನ ಕೈಯನ್ನೂ ಬಿಡಲಿಲ್ಲ.

ಊರಿನಲ್ಲಿ ಮೊದಲ ಬಾರಿಗೆ ಒಬ್ಬ ಮದುಮಗಳು ತೊಟ್ಟಿಲು ಹತ್ತಿದ್ದೂ ಆಗಲೇ. ನಿರೀಕ್ಷಿಸಿದಂತೆ ತೊಟ್ಟಿಲು ನಿಂತಿತು. ವಾಲಗದವರು ವಾಲಗ ಕೆಳಗಿಟ್ಟರು. ದೇವೀರಮ್ಮ ಅವಳ ಬಾಸಿಂಗ ಸರಿ ಮಾಡುತ್ತಾ, "ಏನಮ್ಮ, ಯಾವುದು ಬಿಟ್ಟು ಹೋಗೋಕೆ ಆಗ್ತಿಲ್ಲ?" ಎಂದರು. ಹುಡುಗಿ ಬಿಕ್ಕುತ್ತಾ, "ಅಪ್ಪಂಗೆ ಸಾರಿಗೆ ಒಗ್ಗರಣೆ ಹಾಕೋಕೆ ಬರಲ್ಲ ದೇವೀರಮ್ಮ. ನಾಳೆಯಿಂದ ಏನು ತಿಂತಾರೋ," ಎಂದಳು. ಅಪ್ಪ ತಲೆ ತಗ್ಗಿಸಿದ. "ಬರುತ್ತೆ ಕಣಮ್ಮ," ಎಂದ ಮೆಲ್ಲಗೆ. "ನಿಮ್ಮವ್ವ ಹೋದ ಮೇಲೆ ನೀನು ಒಲೆ ಮುಂದೆ ನಿಂತ್ಕೊಂಡು ನನ್ನ ಬೈಯೋದು ಕೇಳೋಕೆ ಇಷ್ಟ ಆಗ್ತಿತ್ತು. ಅದಕ್ಕೇ ಬರಲ್ಲ ಅಂತಿದ್ದೆ." ಹುಡುಗಿ ಅಳುತ್ತಲೇ ಅಪ್ಪನ ತೋಳಿಗೆ ಗುದ್ದಿದಳು. ವಾಲಗ ಮತ್ತೆ ಶುರುವಾಯಿತು, ತೊಟ್ಟಿಲು ಆ ತಾಳಕ್ಕೆ ತೂಗಿಕೊಂಡು ಆಚೆ ದಡ ಸೇರಿತು.

ನಾನು ಇದನ್ನೆಲ್ಲ ನೋಡುತ್ತಾ ಬ್ರೇಕಿನ ಹಿಡಿಕೆಯ ಹತ್ತಿರ ನಿಂತಿರುತ್ತಿದ್ದೆ. ಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ಅಭ್ಯಾಸವಾಯಿತು, ಆಮೇಲೆ ತೊಟ್ಟಿಲು ನಿಲ್ಲದ ದಿನ ಏನೋ ಕಳೆದುಕೊಂಡಂತೆ ಆಗತೊಡಗಿತು. ದೇವೀರಮ್ಮ ಯಾವಾಗಲೂ ನನ್ನ ಬಲಕ್ಕೇ ಬಂದು ನಿಂತು ಮಾತಾಡುತ್ತಾರೆ ಎಂಬುದು ತಿಂಗಳುಗಳ ಮೇಲೆ ಹೊಳೆಯಿತು. ನನ್ನ ಎಡಗಿವಿ ಮಂದ. ಅದು ನನಗೆ ನೋವೆನಿಸಿರಲಿಲ್ಲ, ಮನೆಯಲ್ಲೂ ಹೇಳಿರಲಿಲ್ಲ. ಅವರು ಕಂಡುಕೊಂಡಿದ್ದರು, ಒಂದು ಮಾತೂ ಆಡದೆ ಬಲಕ್ಕೆ ಬಂದು ನಿಲ್ಲುತ್ತಿದ್ದರು. ಯಾರು ಏನು ಕೇಳಿದರೂ ಅವರ ಬಾಯಲ್ಲಿ ‘ಆಗ್ಲಿ’ ಎಂಬ ಒಂದೇ ಮಾತು. ಆ ದಡಕ್ಕೆ ಬುತ್ತಿ ತಲುಪಿಸುವುದು, ಈ ದಡಕ್ಕೆ ಔಷಧಿ ತರುವುದು, ಯಾರದೋ ಮಗುವನ್ನು ಗಂಟೆಗಟ್ಟಲೆ ಎತ್ತಿಕೊಳ್ಳುವುದು. ತಮ್ಮ ಊಟವನ್ನು ಅರ್ಧಕ್ಕೆ ಬಿಟ್ಟು ಏಳುತ್ತಿದ್ದರು. ನಾನು ಅದನ್ನು ದಿನಾ ನೋಡುತ್ತಿದ್ದೆ. ನೋಡಿ ಏನೂ ಅನ್ನುತ್ತಿರಲಿಲ್ಲ.

ಎಲ್ಲರಿಗೂ ಇದು ಸರಿಬರಲಿಲ್ಲ. ಕಚೇರಿಗೆ ತಡವಾದವರು ದೂರು ಬರೆದರು. ಸೂಪರಿಂಟೆಂಡೆಂಟ್ ಅಶ್ವತ್ಥರಾಯರು ಶಿಸ್ತಿನ ಮನುಷ್ಯ. ಒಂದು ಮಧ್ಯಾಹ್ನ ಬಾಗಿಲಿಗೇ ಬಂದು, ಸರದಿಯಲ್ಲಿದ್ದ ಐವತ್ತು ಜನರ ಎದುರಿಗೆ ದೇವೀರಮ್ಮನನ್ನು ತರಾಟೆಗೆ ತೆಗೆದುಕೊಂಡರು.

"ನಿಮ್ಮನ್ನ ಇಟ್ಕೊಂಡಿರೋದು ಮುಖ ನೋಡಿ ಟಿಕೆಟ್ ಹರಿಯೋಕೆ. ಊರಿನವರ ಕಣ್ಣೀರು ಒರೆಸೋಕಲ್ಲ. ಸೋಮವಾರ ಪುರಸಭೆ ಅಧ್ಯಕ್ಷರು ಖುದ್ದಾಗಿ ನೋಡೋಕೆ ಬರ್ತಾರೆ. ಅವತ್ತು ತೊಟ್ಟಿಲು ನಿಂತ್ರೆ ಆ ಬೋರ್ಡು ಮೇಲಕ್ಕೆ ಹೋಗುತ್ತೆ, ನೀವು ಸ್ಕೂಲಿಗೆ ವಾಪಸ್."

"ಆಗ್ಲಿ ಸಾರ್," ಎಂದರು ದೇವೀರಮ್ಮ, ನಗುತ್ತಲೇ. ಆಮೇಲೆ ಸರದಿಯಲ್ಲಿ ಮುಂದಿದ್ದ ಮುದುಕಿಯ ಕೈಹಿಡಿದು ಹತ್ತಿಸಿದರು.

ಊರಿಗೆ ಊರೇ ಎದ್ದು ನಿಂತಿತು. ಸೋಮವಾರ ತೊಟ್ಟಿಲು ನಿಲ್ಲಬಾರದು ಎಂದರೆ ಹತ್ತುವವರ ಹೊಟ್ಟೆಯಲ್ಲಿ ಏನೂ ಉಳಿದಿರಬಾರದಲ್ಲ? ಭಾನುವಾರವೆಲ್ಲ ಜನ ಜಗಲಿಗಳಲ್ಲಿ ಕೂತು ಒಬ್ಬರಿಗೊಬ್ಬರು ಹೇಳಿಕೊಂಡದ್ದೇ ಹೇಳಿಕೊಂಡದ್ದು. ಮೂವತ್ತು ವರ್ಷ ಮಾತುಬಿಟ್ಟಿದ್ದ ವಾರಗಿತ್ತಿಯರು ಮಾತಾಡಿದರು. ನನ್ನ ಹೆಂಡತಿಗೆ ನಾನೂ ಎಡಗಿವಿಯ ವಿಷಯ ಹೇಳಿದೆ. "ಅಯ್ಯೋ, ನಾನು ಇಷ್ಟು ದಿನ ಕರೆದ್ರೂ ಬೇಕಂತ್ಲೇ ಓ ಅನ್ನಲ್ಲ ಅಂದ್ಕೊಂಡಿದ್ದೆ," ಎಂದು ಅವಳು ಹಣೆ ಚಚ್ಚಿಕೊಂಡು ನಕ್ಕಳು.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಅಧ್ಯಕ್ಷೆ ಕಮಲಾಕ್ಷಮ್ಮ ಕೊರಳಲ್ಲಿ ಚೆಂಡುಹೂವಿನ ಹಾರದೊಂದಿಗೆ ಹತ್ತಿದರು. ಹಿಂದೆ ಅಶ್ವತ್ಥರಾಯರು. ಉಳಿದ ಜಾಗಗಳಲ್ಲಿ ಊರಿನವರು, ಒಬ್ಬೊಬ್ಬರ ಮುಖವೂ ತೊಳೆದ ಹಿತ್ತಾಳೆ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ದೇವೀರಮ್ಮ ಬಾಗಿಲೆಳೆದರು. ನಾನು ಬ್ರೇಕು ಸಡಿಲಿಸಿದೆ. ತೊಟ್ಟಿಲು ನುಣ್ಣಗೆ ಜಾರಿತು. ಕಾಲು ದಾರಿ ಆಯಿತು, ಇನ್ನಷ್ಟು ಆಯಿತು. ನಡು ಕಣಿವೆಗೆ ಬಂತು. ನಿಂತಿತು.

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಇನ್ನೂ ಏನಾದರೂ ಉಳಿದಿದೆಯೇನೋ ಎಂದು ಪ್ರತಿಯೊಬ್ಬರೂ ತಮ್ಮೊಳಗೆ ಕೆದಕಿ ಕೆದಕಿ ತೆಗೆದರು. ಹೂ ಮಾರುವ ನೀಲಮ್ಮ, ತನ್ನ ನಾದಿನಿ ಮೂರನೇ ತರಗತಿಯಲ್ಲಿ ತನ್ನ ಬಳಪ ಕದ್ದಿದ್ದನ್ನು ಹೇಳಿದಳು. ಫಕ್ರುದ್ದೀನ್ ಸಾಬರು ಒಂದು ಶೇರ್ವಾನಿಯ ತೋಳು ಗಿಡ್ಡ ಮಾಡಿದ್ದನ್ನು ಒಪ್ಪಿಕೊಂಡರು. ಅಧ್ಯಕ್ಷೆ ಕಮಲಾಕ್ಷಮ್ಮ ಗಂಟಲು ಸರಿಮಾಡಿಕೊಂಡು, "ನನಗೆ ಚೆಂಡುಹೂವು ಕಂಡ್ರಾಗಲ್ಲ ಕಣ್ರಪ್ಪಾ, ಒಂದೇ ಸಮ ಸೀನು ಬರುತ್ತೆ. ಹೋದಲ್ಲೆಲ್ಲ ಹಾಕ್ತೀರಿ. ಪ್ರೀತಿಯಿಂದ ಹಾಕೋವ್ರಿಗೆ ಹೆಂಗೆ ಬೇಡ ಅನ್ಲಿ?" ಎಂದರು. ನೀಲಮ್ಮ ಎದ್ದು ಹಾರ ತೆಗೆದಳು. ಅಧ್ಯಕ್ಷೆ ಹನ್ನೊಂದು ಸಲ ಸೀನಿ ಹಗುರಾದರು. ತೊಟ್ಟಿಲು ಕದಲಲಿಲ್ಲ.

ಎಲ್ಲರ ಕಣ್ಣೂ ಅಶ್ವತ್ಥರಾಯರ ಮೇಲೆ ಬಿತ್ತು. ಅವರು ಬೆಂಚಿನ ಅಂಚನ್ನು ಎರಡೂ ಕೈಯಿಂದ ಹಿಡಿದು, ಕಣ್ಣು ಮುಚ್ಚಿಕೊಂಡು ಕೂತಿದ್ದರು. ದೇವೀರಮ್ಮ ಅವರ ಪಕ್ಕ ಹೋಗಿ ಕೂತು, ಪೆಪ್ಪರಮೆಂಟು ಕೊಟ್ಟು, "ಸಾರ್, ಕೆಳಗೆ ನೋಡ್ಬೇಡಿ, ನನ್ನ ಮುಖ ನೋಡಿ," ಎಂದರು.

"ನನಗೆ ಎತ್ತರ ಅಂದ್ರೆ ಜೀವ ಹೋಗುತ್ತೆ," ಎಂದರು ರಾಯರು, ಕಣ್ಣು ತೆರೆಯದೆ. "ಹನ್ನೊಂದು ವರ್ಷದಿಂದ ಸೂಪರಿಂಟೆಂಡೆಂಟ್ ಆಗಿದೀನಿ. ಇವತ್ತೇ ಮೊದಲ್ನೇ ಸಲ ಹತ್ತಿರೋದು. ದಿನಾ ಮೆಟ್ಟಿಲಲ್ಲೇ ಓಡಾಡ್ತೀನಿ. ಜನ ನಗ್ತಾರೆ ಅಂತ ಯಾರಿಗೂ ಹೇಳಿಲ್ಲ."

ಯಾರೂ ನಗಲಿಲ್ಲ. ಎಸ್ತರ್ ಅವರ ಕೈಹಿಡಿದು ನಾಡಿ ನೋಡಿದಳು. ತೊಟ್ಟಿಲು ಒಮ್ಮೆ ಸಣ್ಣಗೆ ಜಗ್ಗಿತು. ಹೊರಟೇ ಹೋಯಿತು ಅಂದುಕೊಂಡೆವು. ಇಲ್ಲ, ಮತ್ತೆ ನಿಂತಿತು.

ಒಳಗಿದ್ದ ಎಲ್ಲರದ್ದೂ ಆಗಿತ್ತು. ನನ್ನದೂ. ದೇವೀರಮ್ಮ ಮತ್ತೊಮ್ಮೆ ಸಾಲಾಗಿ ಎಲ್ಲರನ್ನೂ ಕೇಳುತ್ತಾ ಹೋಗುತ್ತಿದ್ದರು. "ನಿಮಗೇನಾದ್ರೂ ಇದೆಯಾ? ಇನ್ನೂ ಏನಾದ್ರೂ?" ಮೊದಲ ಸಲ ಅವರ ದನಿಯಲ್ಲಿ ಗಾಬರಿಯಿತ್ತು. ಎಡಗೈಯಿಂದ ಕಂಬಿ ಹಿಡಿದುಕೊಂಡು ನಡೆಯುತ್ತಿದ್ದರು. ಬಲಗೈ ಮೈಗೆ ಅಂಟಿಕೊಂಡಿತ್ತು. ಅದನ್ನು ಎಷ್ಟು ದಿನದಿಂದ ಹಾಗೆ ನೋಡುತ್ತಿದ್ದೇನೆ ಎಂದು ಯೋಚಿಸಿದೆ. ನೆನಪಾಗಲಿಲ್ಲ. ಹದಿನಾಲ್ಕು ತಿಂಗಳು ಈ ಹೆಂಗಸು ದಿನಕ್ಕೆ ಮೂವತ್ತು ಸಲ ನನ್ನ ಜೊತೆ ಈ ಕಣಿವೆ ದಾಟಿದ್ದಾರೆ. ಇಲ್ಲಿ ಒಬ್ಬರನ್ನು ಮಾತ್ರ ಇದುವರೆಗೆ ಯಾರೂ ಏನೂ ಕೇಳಿಲ್ಲ.

ನನಗೆ ಮಾತು ಬರುವುದಿಲ್ಲ. ಆದರೂ ಬ್ರೇಕಿನ ಹಿಡಿಕೆಗೆ ಕೊಂಡಿ ಹಾಕಿ ಹೋಗಿ, "ದೇವೀರಮ್ಮ, ಇಲ್ಲಿ ಕೂತ್ಕೊಳ್ಳಿ," ಎಂದೆ.

"ಈಗ ಕೂರೋ ಹೊತ್ತಾ ಅಣ್ಣ?"

"ಕೂತ್ಕೊಳ್ಳಿ. ಕೈಗೇನಾಗಿದೆ?"

"ಏನಿಲ್ಲ ಬಿಡಿ, ಸ್ವಲ್ಪ ಉಳುಕು," ಎಂದು ನಕ್ಕರು. ತೊಟ್ಟಿಲು ಕದಲಲಿಲ್ಲ. ಅವರಿಗೂ ಅದು ಗೊತ್ತಾಯಿತು. ನಗು ಹಾಗೇ ನಿಂತುಹೋಯಿತು. ಮೆಲ್ಲನೆ ಬೆಂಚಿನ ಮೇಲೆ ಕೂತರು.

"ನಾನಾ?" ಎಂದರು, ತಮ್ಮನ್ನೇ ಕೇಳಿಕೊಳ್ಳುವ ಹಾಗೆ. "ನನ್ನಿಂದ್ಲಾ?"

ನಾನು ಅವರ ಪಕ್ಕ ಕೂತೆ. ಅವರು ಹೀಗೇ ಕೂರುತ್ತಿದ್ದುದನ್ನು ನೋಡಿದ್ದೆನಲ್ಲ.

"ಭುಜ ಮೂರು ತಿಂಗ್ಳಿಂದ ಎತ್ತೋಕಾಗ್ತಿಲ್ಲ," ಎಂದರು ಕೊನೆಗೆ. "ಈ ಕಬ್ಬಿಣದ ಬಾಗಿಲು ಎಳೆದೂ ಎಳೆದೂ ಹೀಗಾಗಿದೆ. ಹೇಳಿದ್ರೆ ಕೆಲಸದಿಂದ ತೆಗೀತಾರೇನೋ ಅಂತ... ಅಲ್ಲ, ಅದೂ ಅಲ್ಲ. ಹೇಳೋಕೆ ನಾಚ್ಕೆ ಆಗುತ್ತೆ. ಎಲ್ಲರ ಮನೆ ವಿಷಯಾನೂ ನನಗ್ಗೊತ್ತು. ಯಾರಿಗೆ ಯಾವ ಕಷಾಯ ಆಗಲ್ಲ, ಯಾರ ಮಗು ಯಾವ ತಿಂಗಳು ಹುಟ್ತು, ಎಲ್ಲ ಗೊತ್ತು. ಜೊತೆಗಿದ್ದ ಅಕ್ಕನ ಮಗಳು ಮದುವೆಯಾಗಿ ಹೋದ್ಮೇಲೆ ನಾನೊಬ್ಬಳೇ ಇದ್ದೀನಿ. ನಿನ್ನೆ ಭಾನುವಾರ ಊರೆಲ್ಲ ಜಗಲಿ ಮೇಲೆ ಕೂತು ಮಾತಾಡ್ತಿದ್ರು. ನಾನೂ ಜಗಲಿ ಮೇಲೆ ಕೂತಿದ್ದೆ. ಯಾರೂ ಬರ್ಲಿಲ್ಲ. ಅಲ್ಲೀವರೆಗೂ ನನಗೆ ಇದೆಲ್ಲ ನೋವು ಅಂತಲೇ ಅನ್ಸಿರ್ಲಿಲ್ಲ, ನಿನ್ನೆ ಅನ್ಸ್ತು. ಬರೋದಾದ್ರೂ ಹೆಂಗೆ? ನನ್ನ ಮನೆ ಯಾವ ಬೀದೀಲಿದೆ ಅಂತ ಒಬ್ಬರಿಗೂ ಗೊತ್ತಿಲ್ಲ. ಇಷ್ಟಕ್ಕೆಲ್ಲ ಬೇಜಾರು ಮಾಡ್ಕೋಬಾರ್ದು ಅಂತ ನನಗೂ ಗೊತ್ತು." ಇಷ್ಟು ಹೇಳಿ ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ನನಗೆ ಅವರ ಮನೆ ಯಾವ ಬೀದಿಯಲ್ಲಿದೆ ಎಂದು ಗೊತ್ತಿರಲಿಲ್ಲ. ಸುತ್ತ ನೋಡಿದೆ. ಸಾಬರಿಗೆ ಗೊತ್ತಿರಲಿಲ್ಲ, ಎಸ್ತರ್‌ಗೆ ಗೊತ್ತಿರಲಿಲ್ಲ, ನೀಲಮ್ಮನಿಗೂ ಗೊತ್ತಿರಲಿಲ್ಲ. ಎಲ್ಲರೂ ನೆಲ ನೋಡುತ್ತಿದ್ದರು. ತೊಟ್ಟಿಲು ಯಾವಾಗ ಹೊರಟಿತೋ ನಾವು ಗಮನಿಸಲೇ ಇಲ್ಲ.

"ಯಾವ ಬೀದಿ ತಾಯಿ?" ಎಂದು ಕೇಳಿದವರು ಅಶ್ವತ್ಥರಾಯರು. ಕಣ್ಣು ತೆರೆದಿದ್ದರು.

"ನೀರಿನ ಟ್ಯಾಂಕಿನ ಹಿಂದೆ, ಗಾಣಿಗರ ಬೀದಿ, ಕೊನೇ ಮನೆ ಸಾರ್."

"ಐವತ್ತು ಜನರ ಮುಂದೆ ಅವತ್ತು ಹಾಗಂದೆ. ತಪ್ಪಾಯ್ತು. ಇದನ್ನೂ ಅಷ್ಟೇ ಜನರ ಮುಂದೆ ಹೇಳ್ಬೇಕಿತ್ತು, ಇಲ್ಲಿ ಇಪ್ಪತ್ತೇ ಜನ ಇದ್ದಾರೆ," ಎಂದರು ರಾಯರು.

"ನಾವು ಹೇಳ್ತೀವಿ ಬಿಡಿ ಸಾರ್, ಐನೂರು ಜನಕ್ಕೆ," ಎಂದಳು ನೀಲಮ್ಮ. ಅಲ್ಲಿಗೆ ನಗು ಒಡೆಯಿತು. ಆ ನಗುವಿನಲ್ಲೇ ಆಚೆ ದಡ ಮುಟ್ಟಿದೆವು. ಬಾಗಿಲು ತೆರೆಯಲು ದೇವೀರಮ್ಮ ಎದ್ದರು. ಅಷ್ಟರಲ್ಲಿ ಏಳು ಜನ ಒಟ್ಟಿಗೆ ಬಾಗಿಲಿಗೆ ಕೈಹಾಕಿ, ಒಬ್ಬರಿಗೊಬ್ಬರು ಅಡ್ಡವಾಗಿ, ಬಾಗಿಲು ತೆರೆಯುವುದೇ ತಡವಾಯಿತು.

ಕಮಲಾಕ್ಷಮ್ಮ ಆ ವಾರವೇ ಆದೇಶ ಹೊರಡಿಸಿದರು. ದೇವೀರಮ್ಮ ಅಲ್ಲೇ ಉಳಿದರು. ತೊಟ್ಟಿಲಿನ ವೇಳಾಪಟ್ಟಿ ಬದಲಾಯಿತು: ಹೊರಡುವ ಸಮಯ, ಸೇರುವ ಸಮಯ, ಅವೆರಡರ ನಡುವೆ ‘ನಿಲ್ಲುವ ಸಮಯ: ಹತ್ತು ನಿಮಿಷ’ ಎಂದು ಅಚ್ಚಾಯಿತು. ಹತ್ತು ನಿಮಿಷ ಲೆಕ್ಕಕ್ಕೆ ಸೇರಿದ ಮೇಲೆ ಯಾರಿಗೂ ತಡವಾಗಲಿಲ್ಲ, ದೂರೂ ಬರಲಿಲ್ಲ. ಬಾಗಿಲಿಗೆ ಗಾಲಿ ಹಾಕಿಸಿದರು. ಈಗ ಕಿರುಬೆರಳಲ್ಲಿ ತಳ್ಳಿದರೂ ಜಾರುತ್ತದೆ. ಎಸ್ತರ್ ದಿನಾ ಬೆಳಿಗ್ಗೆ ಅವರ ಭುಜಕ್ಕೆ ಎಣ್ಣೆ ತಿಕ್ಕಿ, ಕೈ ಎತ್ತಿಸಿ ಇಳಿಸಿ ಮಾಡುತ್ತಾಳೆ.

ಮುಂದಿನ ಭಾನುವಾರ ಗಾಣಿಗರ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೊನೆಯ ಮನೆ ಪುಟ್ಟದು, ಜಗಲಿ ಅದಕ್ಕಿಂತ ಪುಟ್ಟದು. ಜನ ಬೀದಿಯಲ್ಲೇ ಚಾಪೆ ಹಾಸಿದರು. ಒಬ್ಬರು ಚಿತ್ರಾನ್ನ ತಂದಿದ್ದರು, ಒಬ್ಬರು ಕೋಸಂಬರಿ, ನನ್ನ ಹೆಂಡತಿ ಒಂದು ಕೊಳಗ ಮಜ್ಜಿಗೆ ಹೊರಿಸಿಕೊಂಡು ಬಂದಿದ್ದಳು. ದೇವೀರಮ್ಮನನ್ನು ಒಂದು ಕುರ್ಚಿಯಲ್ಲಿ ಕೂರಿಸಿದ್ದೆವು. ಅವರಿಗೆ ಅಲ್ಲಿ ಕೂರುವುದು ಮುಳ್ಳಿನ ಮೇಲೆ ಕೂತಂತಾಗಿತ್ತು. ಯಾರಿಗಾದರೂ ಎಲೆ ಸಾಲದೆ ಬಂದರೆ ಏಳಲು ಹೋಗುತ್ತಿದ್ದರು, ಯಾರಾದರೂ ಕೆಮ್ಮಿದರೆ ನೀರಿಗೆ ಕೈಚಾಚುತ್ತಿದ್ದರು. ಪ್ರತಿಸಲವೂ ನಾಲ್ಕು ಕೈಗಳು ಅವರನ್ನು ಮೆಲ್ಲಗೆ ಕೂರಿಸುತ್ತಿದ್ದವು. "ಏನು ಬೇಕು ಹೇಳಿ," ಎಂದು ಕೇಳಿದವರಿಗೆಲ್ಲ, "ಏನೂ ಬೇಡಪ್ಪ, ನೀವು ಉಣ್ಣಿ," ಎಂದೇ ಉತ್ತರ. ಹೀಗೇ ಒಂದು ಗಂಟೆ ಕಳೆಯಿತು.

ಬಿಸಿಲು ಗೋಡೆಯಿಂದ ಇಳಿದು ಚಾಪೆಯ ಅಂಚಿಗೆ ಬಂದಾಗ, ನಾನು ಅವರ ಪಕ್ಕದಲ್ಲೇ ನಿಂತು ಬೀದಿ ನೋಡುತ್ತಿದ್ದೆ. ಅವರು ಖಾಲಿ ಲೋಟವನ್ನು ಎರಡು ಸಲ ತಿರುಗಿಸಿದರು, ಕೆಳಗಿಟ್ಟರು, ಮತ್ತೆ ಎತ್ತಿಕೊಂಡರು. ಆಮೇಲೆ ನನ್ನ ಬಲಕ್ಕೆ ವಾಲಿ, ಮದುವೆಗೆ ಮಾತು ಕೊಡುವವರಷ್ಟು ನಾಚಿಕೊಂಡು ಹೇಳಿದರು:

"ಗವಿರಂಗಣ್ಣ, ಇನ್ನೊಂದು ಲೋಟ ಮಜ್ಜಿಗೆ ಕೊಡಿ. ಇದರಲ್ಲಿ ಉಪ್ಪು ಕಮ್ಮಿಯಾಗಿತ್ತು. ಸ್ವಲ್ಪ ಜಾಸ್ತಿನೇ ಹಾಕಿ."

ನಾನು ಲೋಟ ಇಸಿದುಕೊಂಡು, ಚಾಪೆಗಳ ನಡುವೆ ಓಡಿದೆ.